ಸೋಯಾ ತಳಿ ಕಟ್ಟುವವರ ಕೈ, ಕಣ್ಣು ಮತ್ತು ತಾಳ್ಮೆ

ಸೋಯಾಬೀನ್ ಹೂವು ಅರ್ಧ ಸೆಂಟಿಮೀಟರಿಗಿಂತ ತುಸು ದೊಡ್ಡದು, ಅಷ್ಟೆ. ಎಲೆಯ ಕಂಕುಳಲ್ಲಿ ಮೂಡಿ, ಎಲೆಗಳ ಮರೆಯಲ್ಲೇ ಅರಳಿ ಉದುರಿಹೋಗುತ್ತದೆ. ಹತ್ತಾರು ವರ್ಷ ಸೋಯಾ ಬೆಳೆದವರಲ್ಲೂ ಅದನ್ನು ಬಗ್ಗಿ ನೋಡಿದವರು ಕಡಿಮೆ. ಬಣ್ಣ ನೇರಳೆ, ಇಲ್ಲವೇ ಬಿಳಿ. ಅವರೆ, ಅಲಸಂದೆಗಳ ಹೂವಿನ ಕಟ್ಟೇ ಇದರದ್ದೂ: ಮೇಲೊಂದು ಅಗಲ ದಳ, ಪಕ್ಕಕ್ಕೆರಡು, ಕೆಳಗೆ ಒಂದಕ್ಕೊಂದು ಅಂಟಿಕೊಂಡ ಇನ್ನೆರಡು. ಆ ಕೆಳದಳಗಳ ಒಳಗೆ ಹತ್ತು ಕೇಸರಗಳು ಶಲಾಕೆಯ ತುದಿಯನ್ನು ಸುತ್ತುವರಿದಿರುತ್ತವೆ. ಹೂವು ಪೂರ್ತಿ ಬಾಯಿ ಬಿಡುವ ಮೊದಲೇ ಪರಾಗ ಅಲ್ಲೇ ಬಿದ್ದು ಕೆಲಸ ಮುಗಿದಿರುತ್ತದೆ. ಜೇನುನೊಣ ಬಂದರೂ ತಡವಾಗಿ ಬಂದಂತೆಯೇ. ಬೇರೆ ಗಿಡದ ಪರಾಗ ಬಂದು ಸೇರುವುದು ಸಾಮಾನ್ಯವಾಗಿ ನೂರರಲ್ಲಿ ಒಂದಕ್ಕಿಂತ ಕಡಿಮೆ ಹೂವಿನಲ್ಲಿ.

ಹೀಗೆ ತನ್ನಷ್ಟಕ್ಕೆ ಮುಚ್ಚಿಕೊಂಡ ಹೂವನ್ನು ಬಿಡಿಸಿ, ಎರಡು ತಳಿಗಳನ್ನು ಕೂಡಿಸಿ, ಅದರಿಂದ ಹುಟ್ಟಿದ ಸಾವಿರಾರು ಗಿಡಗಳಲ್ಲಿ ಒಂದೆರಡನ್ನು ಆರಿಸಿ ರೈತನ ಕೈಗೆ ಕೊಡಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಈ ಕಸುಬಿನ ಬಗ್ಗೆ ನನಗೆ ಬಹಳ ಗೌರವ. ಅಂಗಡಿಯಲ್ಲಿ ಸಿಗುವ ಬೀಜದ ಚೀಲದ ಮೇಲೆ ಒಂದು ಅಕ್ಷರಗುಚ್ಛ, ಒಂದು ಸಂಖ್ಯೆ ಇರುತ್ತದೆ. ಅದರ ಹಿಂದೆ ಎಷ್ಟು ಜನರ ಎಷ್ಟು ಮುಂಗಾರುಗಳು ಕಳೆದಿವೆ ಎಂಬುದು ಚೀಲದ ಮೇಲೆ ಬರೆದಿರುವುದಿಲ್ಲ.

ಮೊದಲು ಕೈಯ ಕೆಲಸ ನೋಡೋಣ. ಮರುದಿನ ಅರಳಲಿರುವ ಮೊಗ್ಗನ್ನೇ ಆರಿಸಿಕೊಳ್ಳಬೇಕು. ಹೊರಗಿನ ಹಸಿರು ಎಸಳುಗಳ ನಡುವಿನಿಂದ ದಳದ ಬಣ್ಣ ಆಗಷ್ಟೇ ಇಣುಕುತ್ತಿರಬೇಕು. ತೀರ ಎಳೆಯದಾದರೆ ಶಲಾಕೆ ಬಲಿತಿರುವುದಿಲ್ಲ, ತಡವಾದರೆ ಸ್ವಂತ ಪರಾಗ ಬಿದ್ದಾಗಿರುತ್ತದೆ. ಅದೇ ಗೆಣ್ಣಿನಲ್ಲಿರುವ ಬೇರೆ ಮೊಗ್ಗು, ಹೂವುಗಳನ್ನೆಲ್ಲ ಚಿವುಟಿ ಹಾಕುತ್ತಾರೆ. ಮೊಗ್ಗನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಮೊನಚು ಚಿಮಟದಿಂದ ಹಸಿರು ಎಸಳುಗಳನ್ನು ಒಂದೊಂದಾಗಿ ಸೀಳಿ ತೆಗೆಯುತ್ತಾರೆ. ಆಮೇಲೆ ದಳಗಳನ್ನು ಒಟ್ಟಿಗೆ ಹಿಡಿದು ಮೆಲ್ಲಗೆ ಅಲುಗಿಸುತ್ತ ಮೇಲಕ್ಕೆಳೆದರೆ ಕೇಸರಗಳ ಉಂಗುರವೂ ನಡುವೆ ನಿಂತ ಶಲಾಕೆಯೂ ಕಾಣುತ್ತವೆ. ಕೇಸರಗಳನ್ನು ತೆಗೆದು, ಗಂಡಾಗಿ ಆರಿಸಿದ ತಳಿಯ ಅದೇ ಬೆಳಿಗ್ಗೆ ಅರಳಿದ ಹೂವಿನ ಪರಾಗವನ್ನು ಶಲಾಕೆಯ ತುದಿಗೆ ಸವರುತ್ತಾರೆ. ಚಿಮಟದ ತುದಿ ಶಲಾಕೆಗೆ ತಗುಲಿ ಗಾಯವಾದರೆ ಅಲ್ಲಿಗೆ ಮುಗಿಯಿತು. ಕೊನೆಗೆ ಗೆಣ್ಣಿಗೊಂದು ಚೀಟಿ: ತಾಯಿ, ತಂದೆ, ದಿನಾಂಕ. ಮಳೆಗಾಲದ ಕೆಸರಿನಲ್ಲಿ, ಮೊಣಕಾಲೆತ್ತರದ ಗಿಡಗಳ ನಡುವೆ ಬಗ್ಗಿಯೇ ಇದನ್ನೆಲ್ಲ ಮಾಡಬೇಕು.

ಇಷ್ಟು ಮಾಡಿದರೂ ಪಳಗಿದ ಕೈಯಲ್ಲೇ ಬಹಳಷ್ಟು ಹೂವುಗಳು ಕಾಯಿ ಕಟ್ಟದೆ ಉದುರುತ್ತವೆ. ಸೋಯಾ ಗಿಡದ ಸ್ವಭಾವವೇ ಹಾಗೆ. ಯಾರೂ ಮುಟ್ಟದಿದ್ದರೂ ತಾನು ಬಿಟ್ಟ ಹೂವುಗಳಲ್ಲಿ ಅರ್ಧದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಚೆಲ್ಲಿಬಿಡುತ್ತದೆ. ಕಟ್ಟಿದ ಕಾಯಲ್ಲಿ ಎರಡೋ ಮೂರೋ ಕಾಳು. ಆ ಕಾಳು ನಿಜವಾಗಿ ಎರಡು ತಳಿಗಳ ಕೂಸೋ, ಇಲ್ಲವೇ ಕಣ್ತಪ್ಪಿ ಸ್ವಂತ ಪರಾಗದಿಂದಲೇ ಆದದ್ದೋ? ಇದನ್ನು ತಿಳಿಯಲು ಹಳಬರು ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು. ಬಿಳಿ ಹೂವಿನ ತಳಿಯನ್ನು ತಾಯಿಯಾಗಿಯೂ ನೇರಳೆ ಹೂವಿನದನ್ನು ತಂದೆಯಾಗಿಯೂ ಇಟ್ಟುಕೊಳ್ಳುತ್ತಾರೆ. ನೇರಳೆ ಬಣ್ಣ ಪ್ರಬಲ ಗುಣ. ಆ ಜೀನು ಹೂವಿಗಷ್ಟೇ ಅಲ್ಲ, ಮೊಳಕೆಯ ಕಾಂಡಕ್ಕೂ ಬಣ್ಣ ಬಳಿಯುತ್ತದೆ. ಬೀಜ ಮೊಳೆತು ಬೇಳೆ ಎತ್ತಿದ ಕೆಲವೇ ದಿನಗಳಲ್ಲಿ ಕೆಳಗಿನ ಎಳೆಕಾಂಡ ನೇರಳೆ ಛಾಯೆ ತಾಳಿದ್ದರೆ ಸಂಕರ ಕೈಗೂಡಿದೆ. ಹಸಿರಾಗಿದ್ದರೆ ಕಿತ್ತು ಹಾಕಬೇಕು. ಯಾವ ಪ್ರಯೋಗಾಲಯವೂ ಬೇಕಿಲ್ಲ, ಸಸಿಯ ಬುಡ ನೋಡಿದರೆ ಸಾಕು.

ಕೈಕೆಲಸ ಇಲ್ಲಿಗೆ ಮುಗಿದು ಕಣ್ಣಿನ ಮತ್ತು ತಾಳ್ಮೆಯ ಕೆಲಸ ಶುರುವಾಗುತ್ತದೆ. ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ರೀತಿ ಇರುತ್ತವೆ. ಅವುಗಳ ಬೀಜ ಬಿತ್ತಿದಾಗ, ಎರಡನೆಯ ಪೀಳಿಗೆಯಲ್ಲಿ, ಅಜ್ಜ ಅಜ್ಜಿಯರ ಗುಣಗಳೆಲ್ಲ ಕಲಸಿಹೋಗಿ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ. ಎತ್ತರದ್ದು, ಗಿಡ್ಡದ್ದು, ಬೇಗ ಮಾಗುವುದು, ತಡವಾಗಿ ಮಾಗುವುದು, ರೋಗಕ್ಕೆ ತುತ್ತಾಗುವುದು, ತಡೆಯುವುದು. ಪ್ರತಿ ಪೀಳಿಗೆಯಲ್ಲೂ ಗಿಡ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ ಈ ಮಿಶ್ರಣ ಅರ್ಧರ್ಧ ಕಡಿಮೆಯಾಗುತ್ತ ಬರುತ್ತದೆ: ಎರಡನೆಯದರಲ್ಲಿ ಶೇ 50, ಮೂರನೆಯದರಲ್ಲಿ 25, ನಾಲ್ಕನೆಯದರಲ್ಲಿ 12.5. ಆರನೆಯ ಪೀಳಿಗೆಯ ಹೊತ್ತಿಗೆ ಶೇ 3ರಷ್ಟು ಮಾತ್ರ ಉಳಿದು, ತಾಯಿಯಂತೆ ಮಗಳು ಎನ್ನಬಹುದಾದ ಸ್ಥಿರ ಸಾಲುಗಳು ಸಿಗುತ್ತವೆ.

ಎರಡನೆಯ ಪೀಳಿಗೆಯಲ್ಲೇ ತುಂಬ ಕಾಯಿ ಹೊತ್ತ ಗಿಡ ಕಂಡರೆ ಅದನ್ನೇ ಆರಿಸಿ ಮುಂದುವರಿಯಬಹುದಲ್ಲ ಎನಿಸುತ್ತದೆ. ಅನುಭವಿಗಳು ಹಾಗೆ ಮಾಡುವುದಿಲ್ಲ. ಒಂಟಿ ಗಿಡದ ಕಾಯಿಭಾರ ಅದರ ಜೀನಿಗಿಂತ ಹೆಚ್ಚಾಗಿ ಅದು ನಿಂತ ನೆಲದ ಕಥೆ ಹೇಳುತ್ತದೆ. ಪಕ್ಕದ ಗಿಡ ಸತ್ತು ಜಾಗ ಸಿಕ್ಕಿರಬಹುದು, ಬುಡದಲ್ಲಿ ಗೊಬ್ಬರದ ಉಂಡೆ ಬಿದ್ದಿರಬಹುದು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ದುಡಿಯುತ್ತಿದ್ದ ಬ್ರಿಮ್ ಎಂಬ ತಳಿ ವಿಜ್ಞಾನಿ 1966ರಲ್ಲಿ ಸೋಯಾಕ್ಕೆ ಒಂದು ಸರಳ ದಾರಿ ಹೇಳಿಕೊಟ್ಟರು. ಆರಂಭದ ಪೀಳಿಗೆಗಳಲ್ಲಿ ಯಾವ ಗಿಡದ ಮೇಲೂ ತೀರ್ಪು ಕೊಡಬೇಡಿ. ಪ್ರತಿ ಗಿಡದಿಂದ ಒಂದೇ ಒಂದು ಕಾಳು ತೆಗೆದುಕೊಂಡು ಮುಂದಿನ ಪೀಳಿಗೆಗೆ ಹೋಗಿ. ಸ್ಥಿರವಾದ ಮೇಲೆ ಸಾಲು ಸಾಲಾಗಿ ಬಿತ್ತಿ, ಹಲವು ಊರುಗಳಲ್ಲಿ ತೂಗಿ ನೋಡಿ. ಇಂದು ಜಗತ್ತಿನ ಸೋಯಾ ತಳಿ ಕೇಂದ್ರಗಳು ಬಹುಪಾಲು ಈ ದಾರಿಯನ್ನೋ ಇದರ ರೂಪಾಂತರವನ್ನೋ ಹಿಡಿದಿವೆ. ತೀರ್ಪನ್ನು ತಡೆಹಿಡಿಯುವುದೂ ಒಂದು ಕೌಶಲ ಎಂಬುದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಇಷ್ಟೆಲ್ಲ ಹುಡುಕಾಟ ಯಾವುದಕ್ಕೆ? ಇಳುವರಿಗೆ. ಆದರೆ ಇಳುವರಿಯ ಜೀನು ಎಂಬುದೊಂದು ಇಲ್ಲ. ಸೋಯಾದ 20 ಜೋಡಿ ವರ್ಣತಂತುಗಳ ಪೂರ್ತಿ ಓದು 2010ರಲ್ಲಿ ಪ್ರಕಟವಾಯಿತು. ಆಗ ಲೆಕ್ಕಕ್ಕೆ ಸಿಕ್ಕ ಜೀನುಗಳು ಸುಮಾರು 46,000. ಈ ಸಸ್ಯದ ಪೂರ್ವಜರಲ್ಲಿ ಇಡೀ ಜೀನುಕೋಶ ಎರಡು ಸಲ ಇಮ್ಮಡಿಯಾಗಿದೆ, ಒಂದು ಸಲ ಸುಮಾರು 5.9 ಕೋಟಿ ವರ್ಷಗಳ ಹಿಂದೆ, ಇನ್ನೊಮ್ಮೆ 1.3 ಕೋಟಿ ವರ್ಷಗಳ ಹಿಂದೆ. ಹಾಗಾಗಿ ಬಹಳಷ್ಟು ಜೀನುಗಳಿಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಇಳುವರಿಯನ್ನು ತೀರ್ಮಾನಿಸುವುದು ನೂರಾರು ಜೀನುಗಳ ಸಣ್ಣ ಸಣ್ಣ ಪಾಲು, ಅದರ ಮೇಲೆ ಮಳೆ, ಮಣ್ಣು, ಬಿಸಿಲು.

ಒಂದು ಉದಾಹರಣೆ. ಕೆಲವು ಸೋಯಾ ತಳಿಗಳ ಎಲೆ ಈಟಿಯಂತೆ ಕಿರಿದು. ಅಂಥ ಗಿಡಗಳ ಕಾಯಿ ಬಿಡಿಸಿದರೆ ನಾಲ್ಕು ಕಾಳಿನವು ಹೆಚ್ಚಾಗಿ ಸಿಗುತ್ತವೆ. ಅಗಲ ಎಲೆಯವುಗಳಲ್ಲಿ ಎರಡು ಮೂರೇ ಸಾಮಾನ್ಯ. ಎಲೆಯ ಆಕಾರಕ್ಕೂ ಕಾಯೊಳಗಿನ ಕಾಳಿನ ಲೆಕ್ಕಕ್ಕೂ ಏನು ನಂಟು ಎಂದು ತಳಿ ವಿಜ್ಞಾನಿಗಳು ಬಹಳ ಕಾಲ ಯೋಚಿಸಿದ್ದರು. ಎರಡನ್ನೂ ಒಂದೇ ಜೀನು ನಡೆಸುತ್ತದೆ ಎಂಬುದು ಕಳೆದ ದಶಕದಲ್ಲಿ ಖಚಿತವಾಯಿತು. ಹಾಗಾದರೆ ಕಿರಿ ಎಲೆ ತಂದರೆ ಇಳುವರಿ ಏರಿತಲ್ಲ? ಹಾಗೇನೂ ಇಲ್ಲ. ಕಾಳಿನ ಸಂಖ್ಯೆ ಏರಿದರೆ ಕಾಳಿನ ಗಾತ್ರ ಇಳಿಯುತ್ತದೆ. ಕಾಳಿನ ಪ್ರೋಟೀನ್ ಹೆಚ್ಚಿಸಹೋದರೆ ಸಾಮಾನ್ಯವಾಗಿ ಇಳುವರಿಯೋ ಎಣ್ಣೆಯೋ ತಗ್ಗುತ್ತದೆ. ಗಿಡದ ಗಳಿಕೆ ಇಷ್ಟೇ. ಒಂದು ಖರ್ಚು ಹೆಚ್ಚಿಸಿದರೆ ಇನ್ನೊಂದನ್ನು ಹಿಡಿಯಬೇಕಾದ ಮಧ್ಯಮ ವರ್ಗದ ಸಂಸಾರ ಅದು. ಒಳ್ಳೆಯ ತಳಿ ತಜ್ಞರು ಒಂದೇ ಗುಣವನ್ನು ಅಟ್ಟಿಸಿಕೊಂಡು ಹೋಗದೆ, ಇಡೀ ಗಿಡವನ್ನು, ಕೊನೆಗೆ ಇಡೀ ತಾಕನ್ನು ನೋಡುವುದು ಇದಕ್ಕೇ.

ನನ್ನನ್ನು ಕೇಳಿದರೆ, ಈ ಎಲ್ಲ ಗುಣಗಳಿಗಿಂತ ಮೇಲೆ ನಿಲ್ಲುವುದು ಒಂದೇ: ಗಿಡ ಹೂ ಬಿಡುವ ಹೊತ್ತು. ಸೋಯಾ ಇಳುವರಿಯ ಚರಿತ್ರೆ ಬಹುಮಟ್ಟಿಗೆ ಹೊತ್ತಿನ ಚರಿತ್ರೆ.

ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ತೋಟದಲ್ಲಿ ಒಂದು ವಿಚಿತ್ರ ಗಮನಿಸಿದ್ದರು. ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ವಸಂತದಿಂದ ಬೇಸಿಗೆಯ ನಡುವಿನವರೆಗೆ ಬೇರೆ ಬೇರೆ ದಿನ ಬಿತ್ತಿದರೂ ಎಲ್ಲವೂ ಸೆಪ್ಟೆಂಬರಿನಲ್ಲಿ, ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುತ್ತಿದ್ದವು. ವಯಸ್ಸು ಲೆಕ್ಕಕ್ಕೇ ಬರುತ್ತಿರಲಿಲ್ಲ. ಶಾಖ, ತೇವ, ಗೊಬ್ಬರ ಎಲ್ಲವನ್ನೂ ಪರೀಕ್ಷಿಸಿ ಸೋತ ಮೇಲೆ 1918ರ ಜುಲೈನಲ್ಲಿ ಅವರು ಗಾಳಿಯಾಡುವ ಕತ್ತಲೆ ಗುಡಿಸಲೊಂದನ್ನು ಕಟ್ಟಿ, ಸಂಜೆ ನಾಲ್ಕಕ್ಕೆ ಸೋಯಾ ಮತ್ತು ಹೊಗೆಸೊಪ್ಪಿನ ಗಿಡಗಳನ್ನು ಒಳಗಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ಹೊರತೆಗೆಯತೊಡಗಿದರು. ಹಗಲು ಗಿಡ್ಡವಾದದ್ದೇ ತಡ, ನಡುಬೇಸಿಗೆಯಲ್ಲೇ ಹೂವು ಬಂತು. 1920ರಲ್ಲಿ ಅವರು ಇದನ್ನು ಪ್ರಕಟಿಸಿದಾಗ, ಸಸ್ಯಗಳು ಹಗಲಿನ ಉದ್ದವನ್ನು ಅಳೆಯುತ್ತವೆ ಎಂಬುದು ವಿಜ್ಞಾನಕ್ಕೆ ಗಟ್ಟಿಯಾಗಿ ಗೊತ್ತಾಯಿತು. ಈ ದೊಡ್ಡ ತಿಳಿವು ಹೊಗೆಸೊಪ್ಪು ಮತ್ತು ಸೋಯಾ ಗಿಡಗಳನ್ನು ದಿನಾ ಹೊತ್ತು ಸಾಗಿಸಿದ ಶ್ರಮದಿಂದ ಬಂದದ್ದು.

ಸೋಯಾ ಹಗಲು ಗಿಡ್ಡವಾದಾಗ ಹೂ ಬಿಡುವ ಬೆಳೆ. ಹುಟ್ಟಿದ್ದು ಚೀನಾದಲ್ಲಿ. ಅಮೆರಿಕದ ಉತ್ತರ ಭಾಗದಲ್ಲಿ ಬೇಸಿಗೆಯ ಹಗಲು 15 ಗಂಟೆಯಷ್ಟು. ಅಲ್ಲಿನ ತಳಿಯನ್ನು ಸಮಭಾಜಕದ ಕಡೆಗೆ ತಂದರೆ, ಹನ್ನೆರಡು ಹದಿಮೂರು ಗಂಟೆಯ ಹಗಲು ಕಂಡು ಕಾಲ ಬಂತೆಂದೇ ತಿಳಿದು ತಿಂಗಳೊಪ್ಪತ್ತಿನಲ್ಲಿ ಹೂ ಬಿಟ್ಟುಬಿಡುತ್ತದೆ. ಗೇಣುದ್ದದ ಗಿಡ, ನಾಲ್ಕು ಕಾಯಿ, ಅಲ್ಲಿಗೆ ಮುಗಿಯಿತು. ಇದಕ್ಕೆಂದೇ ಅಮೆರಿಕದಲ್ಲಿ ತಳಿಗಳನ್ನು ಮಾಗುವ ಕಾಲಕ್ಕೆ ತಕ್ಕಂತೆ 13 ಗುಂಪು ಮಾಡಿದ್ದಾರೆ. ಒಂದೊಂದು ಗುಂಪಿಗೂ ನಕ್ಷೆಯ ಮೇಲೆ ಒಂದೊಂದು ಅಡ್ಡಪಟ್ಟಿ. ಇದನ್ನು ನಡೆಸುವ ಜೀನುಗಳಲ್ಲಿ ಮೊದಲ ಎರಡಕ್ಕೆ ಇ1, ಇ2 ಎಂದು 1971ರಲ್ಲಿ ಹೆಸರಿಟ್ಟವರು ಬರ್ನಾರ್ಡ್. ಹೊಲದಲ್ಲಿ ಹೂವಿನ ದಿನ ಎಣಿಸಿಯೇ ಅವರು ಇದನ್ನು ಕಂಡುಕೊಂಡರು. ಆ ಇ1 ವರ್ಣತಂತುವಿನಲ್ಲಿ ಎಲ್ಲಿದೆ, ಏನು ಮಾಡುತ್ತದೆ ಎಂಬುದು ಪ್ರಯೋಗಾಲಯಕ್ಕೆ ತಿಳಿದದ್ದು 2012ರಲ್ಲಿ, ನಾಲ್ಕು ದಶಕಗಳ ಮೇಲೆ. ಹೂವನ್ನು ತಡೆಹಿಡಿಯುವುದೇ ಅದರ ಕೆಲಸ.

ಬ್ರೆಜಿಲ್ ಸೋಯಾ ದೇಶವಾದದ್ದೂ ಈ ಹೊತ್ತಿನ ಗುಟ್ಟು ಸಿಕ್ಕಿದ್ದರಿಂದ. ಮೊದಲು ಆ ದೇಶದ ತಂಪಾದ ದಕ್ಷಿಣ ತುದಿಯಲ್ಲಷ್ಟೇ ಸೋಯಾ ಬೆಳೆಯುತ್ತಿತ್ತು. ನಡುವಿನ ಸೆರ್ರಾದೋ ಎಂಬ ವಿಶಾಲ ಹುಲ್ಲುಗಾಡಿನಲ್ಲಿ ಗಿಡಗಳು ಬೇಗನೆ ಹೂ ಬಿಟ್ಟು ಸೋಲುತ್ತಿದ್ದವು. ಗಿಡ್ಡ ಹಗಲಿನಲ್ಲೂ ಬಾಲ್ಯವನ್ನು ಉದ್ದ ಮಾಡಿಕೊಂಡು, ಮೈ ಬೆಳೆದ ಮೇಲೆಯೇ ಹೂ ಬಿಡುವ ಕೆಲವು ಅಪರೂಪದ ಗಿಡಗಳಿದ್ದವು. ಈ ಗುಣವನ್ನು ಗುರುತಿಸಿ ಬಳಸುವ ಬಗೆಯನ್ನು ಅಮೆರಿಕದ ಎಡ್ಗರ್ ಹಾರ್ಟ್‌ವಿಗ್ ಮತ್ತು ಬ್ರೆಜಿಲಿನ ರೊಮೆಉ ಕೀಲ್ 1979ರಲ್ಲಿ ಬರೆದು ತೋರಿಸಿದರು. ಎಂಬ್ರಾಪ ಎಂಬ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಈ ಗುಣ ಸೇರಿದ ಮೇಲೆ ಸೋಯಾ ಸಮಭಾಜಕದತ್ತ ನಡೆಯಿತು. ಇದರ ಹಿಂದಿರುವ ಜೆ ಎಂಬ ಜೀನಿನ ಗುಟ್ಟು ತಿಳಿದದ್ದು 2017ರಲ್ಲಿ. ಗಿಡ್ಡ ಹಗಲಿನಲ್ಲಿ ಜೆ ಜೀನು ಹೋಗಿ ಇ1ರ ಬಾಯಿ ಮುಚ್ಚಿಸುತ್ತದೆ, ಆಗ ಹೂವಿಗೆ ತಡೆಯಿಲ್ಲ. ಜೆ ಕೆಟ್ಟ ಗಿಡಗಳಲ್ಲಿ ಇ1 ಎಚ್ಚರವಾಗಿಯೇ ಇದ್ದು ಹೂವನ್ನು ಕೆಲವು ವಾರ ಹಿಂದಕ್ಕೆ ತಳ್ಳುತ್ತದೆ. ಕೆಟ್ಟ ಒಂದು ಜೀನು ಒಂದು ದೇಶದ ಬೇಸಾಯವನ್ನೇ ಬದಲಿಸಿತು. ಅದೇ ಬದಲಾವಣೆಯಲ್ಲಿ ಸೆರ್ರಾದೋದ ಕಾಡು, ಹುಲ್ಲುಗಾಡು ಅಪಾರವಾಗಿ ನಾಶವಾದದ್ದನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಬ್ರೆಜಿಲಿನಲ್ಲಿ ಯೊಹಾನಾ ಡೊಬೆರೈನರ್ ಎಂಬ ಮಹಿಳಾ ವಿಜ್ಞಾನಿಯ ಹಟವೂ ಅಷ್ಟೇ ಮುಖ್ಯ. ಸೋಯಾ ಬೇರುಗಂಟಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಯೂರಿಯಾ ಹಾಕದ ನೆಲದಲ್ಲೇ, ಬೇರುಗಂಟಿನ ಬಲದಿಂದಲೇ ಬೆಳೆಯುವ ತಳಿಗಳನ್ನು ಆರಿಸಬೇಕೆಂದು ಅವರು ಪಟ್ಟು ಹಿಡಿದರು. ಅಲ್ಲಿನ ರೈತರು ಇಂದಿಗೂ ಸೋಯಾಕ್ಕೆ ಸಾರಜನಕ ಗೊಬ್ಬರವನ್ನು ಬಹುತೇಕ ಹಾಕುವುದಿಲ್ಲ.

ತಳಿ ಕಟ್ಟುವುದಕ್ಕೆ ಮೊದಲು ಕಚ್ಚಾ ಸಾಮಗ್ರಿ ಬೇಕು, ಎಂದರೆ ಊರೂರಿನ ನಾಟಿ ಬೀಜ. 1929ರಿಂದ 1931ರವರೆಗೆ ಡಾರ್ಸೆಟ್ ಮತ್ತು ಮೋರ್ಸ್ ಎಂಬಿಬ್ಬರು ಜಪಾನ್, ಕೊರಿಯಾ, ಚೀನಾ ಸುತ್ತಿ ಸುಮಾರು 4,500 ಸೋಯಾ ಮಾದರಿಗಳನ್ನು ಅಮೆರಿಕಕ್ಕೆ ತಂದರು. ಕಾಪಿಡುವ ವ್ಯವಸ್ಥೆ ಆಗ ಇರದ ಕಾರಣ ಅವುಗಳಲ್ಲಿ ಬಹುಪಾಲು ಆಮೇಲೆ ಕಳೆದುಹೋದವು. ಈ ಕಸುಬಿನ ಚರಿತ್ರೆಯಲ್ಲಿ ನನಗೆ ಅತ್ಯಂತ ದುಃಖ ಕೊಡುವ ಸಂಗತಿ ಇದೇ. ಉತ್ತರ ಅಮೆರಿಕದ ಸರ್ಕಾರಿ ತಳಿಗಳ ವಂಶವೃಕ್ಷವನ್ನು 1990ರ ದಶಕದಲ್ಲಿ ಲೆಕ್ಕ ಹಾಕಿದಾಗ, ಅವುಗಳ ಜೀನು ಸಂಪತ್ತಿನ ಶೇ 95ಕ್ಕೂ ಹೆಚ್ಚು ಬಂದದ್ದು ಕೇವಲ 35 ಮೂಲ ಗಿಡತಳಿಗಳಿಂದ ಎಂದು ಗೊತ್ತಾಯಿತು. ಬುಡ ಅಷ್ಟು ಕಿರಿದು.

ಉಳಿದುಕೊಂಡ ಬೀಜದ ಬೆಲೆ ಕಷ್ಟ ಬಂದಾಗ ತಿಳಿಯುತ್ತದೆ. ಬೇರು ತಿನ್ನುವ ಒಂದು ಜಂತುಹುಳು 1954ರಲ್ಲಿ ಉತ್ತರ ಕೆರೊಲಿನಾದಲ್ಲಿ ಕಾಣಿಸಿಕೊಂಡಾಗ ಹಳೆಯ ಸಂಗ್ರಹವನ್ನೆಲ್ಲ ಅದಕ್ಕೆ ಒಡ್ಡಿ ನೋಡಿದರು. ತಡೆದು ನಿಂತವುಗಳಲ್ಲಿ ಪೀಕಿಂಗ್ ಎಂಬ ಕಪ್ಪು ಬೀಜದ ಚೀನೀ ತಳಿಯೊಂದು. ಎಣ್ಣೆ ಗಿರಣಿಗೆ ಬೇಕಾದದ್ದು ಹಳದಿ ಬೀಜ; ರೋಗ ತಡೆಯುವ ಜೀನುಗಳಲ್ಲೊಂದು ಬೀಜದ ಬಣ್ಣದ ಜೀನಿನ ಮಗ್ಗುಲಲ್ಲೇ ಕುಳಿತಿತ್ತು. ಎರಡನ್ನೂ ಬೇರ್ಪಡಿಸಲು ಬಹಳ ದೊಡ್ಡ ಸಂಖ್ಯೆಯ ಗಿಡಗಳಲ್ಲಿ ಹುಡುಕಬೇಕಾಯಿತು. ಇನ್ನೊಂದು ಚೀನೀ ಮೂಲದಲ್ಲಿ ಇದೇ ಹುಳುವನ್ನು ತಡೆಯುವ ಬಗೆ 2012ರಲ್ಲಿ ಬಯಲಾದಾಗ ಎಲ್ಲರೂ ಬೆರಗಾದರು. ಅಲ್ಲಿ ಹೊಸ ಜೀನು ಇರಲಿಲ್ಲ; ವರ್ಣತಂತುವಿನ ಒಂದು ತುಣುಕು ಹತ್ತು ಸಲ ಸಾಲಾಗಿ ನಕಲಾಗಿತ್ತು. ಒಂದೇ ಪ್ರತಿಯಿದ್ದ ಗಿಡಕ್ಕೆ ರಕ್ಷಣೆಯಿಲ್ಲ, ಹತ್ತಿದ್ದದ್ದಕ್ಕೆ ಇದೆ.

ನಮ್ಮಲ್ಲಿಗೆ ಬರೋಣ. ಹಿಮಾಲಯದ ಕುಮಾವೂಁ ಬೆಟ್ಟಗಳಲ್ಲಿ ಕಪ್ಪು ಸೋಯಾ ಹಿಂದಿನಿಂದಲೂ ಇತ್ತು. ಹಳದಿ ಸೋಯಾ 1960ರ ದಶಕದಲ್ಲಿ ಪಂತನಗರ ಮತ್ತು ಜಬಲ್ಪುರಗಳ ಕೃಷಿ ವಿಶ್ವವಿದ್ಯಾಲಯಗಳ ಮೂಲಕ, ಬ್ರ್ಯಾಗ್, ಲೀಯಂಥ ಅಮೆರಿಕದ ತಳಿಗಳಾಗಿ ಬಂತು. 1967ರಲ್ಲಿ ಅಖಿಲ ಭಾರತ ಸೋಯಾ ಸಂಶೋಧನಾ ಯೋಜನೆ ಶುರುವಾಯಿತು. 1994ರಲ್ಲಿ ಜಬಲ್ಪುರದ ವಿಶ್ವವಿದ್ಯಾಲಯ ಕೊಟ್ಟ ಜೆಎಸ್ 335 ಮಾಳವದ ಕಪ್ಪುಮಣ್ಣಿನಿಂದ ನಮ್ಮ ಬೀದರ, ಬೆಳಗಾವಿ, ಧಾರವಾಡಗಳವರೆಗೆ ಹರಡಿ ಎರಡು ದಶಕ ಆಳಿತು. ಸುಮಾರು ನೂರು ದಿನಕ್ಕೆ ಬರುವ ಬೆಳೆ. ಮುಂಗಾರಿಗೆ ಬಿತ್ತಿ ಕೊಯ್ದು ಹಿಂಗಾರಿಗೆ ಕಡಲೆಯನ್ನೋ ಜೋಳವನ್ನೋ ಹಾಕಬಹುದಾದ ಆ ಹೊತ್ತಿನ ಅನುಕೂಲವೇ ಅದರ ಬಲ.

ಅದೇ 1994ರಲ್ಲಿ ತುಕ್ಕು ರೋಗ ಬೆಳಗಾವಿ ಜಿಲ್ಲೆಯ ಉಗಾರ ಖುರ್ದ ಸುತ್ತಮುತ್ತ ವಿಪರೀತವಾಗಿ ಬಂತು. ಎಲೆಯ ಅಡಿಯಲ್ಲಿ ಕಂದು ಗುಳ್ಳೆ, ಮುಟ್ಟಿದರೆ ಬೆರಳಿಗೆ ಹುಡಿ. ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗಿ ಉದುರಿ ಕಾಳು ತುಂಬುವ ಮೊದಲೇ ಗಿಡ ಬೋಳು. ಗಾಳಿಯಲ್ಲಿ ಬರುವ ಈ ಶಿಲೀಂಧ್ರದೆದುರು ಜೆಎಸ್ 335 ನಿಲ್ಲಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಆ ರೋಗದ ನೆಲೆಯನ್ನೇ ಪರೀಕ್ಷೆಯ ಕಣವಾಗಿ ಮಾಡಿಕೊಂಡರು. ಉಗಾರದಲ್ಲಿ ಪರೀಕ್ಷಿಸಬೇಕಾದ ಸಾಲುಗಳ ನಡುವೆ ರೋಗಕ್ಕೆ ಬೇಗ ತುತ್ತಾಗುವ ತಳಿಯನ್ನು ಬೇಕೆಂದೇ ಬಿತ್ತುವುದು, ಅಲ್ಲಿಂದ ರೋಗ ಎಲ್ಲ ಕಡೆ ಹಬ್ಬುವಂತೆ ಬಿಡುವುದು, ಆಮೇಲೆ ಸಾಲು ಸಾಲು ನಡೆದು ಎಲೆ ತಿರುವಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಹಾಕುವುದು. ವಿದೇಶೀ ಸಂಗ್ರಹದ ಕೆಲವು ಸಾಲುಗಳು ಹಸಿರಾಗಿಯೇ ಉಳಿದವು. ಅವುಗಳ ರೋಗನಿರೋಧವನ್ನು ಜೆಎಸ್ 335ರ ಜೊತೆ ಕೂಡಿಸಿ, ಆರಿಸುತ್ತ ಬಂದಾಗ ಸಿಕ್ಕಿದ್ದು ಡಿಎಸ್‌ಬಿ 21. ಹೆಸರಿನ ಮೊದಲಕ್ಷರ ಧಾರವಾಡದ್ದು. ಕೃಷ್ಣೆಯ ದಂಡೆಯ ರೈತರು ಔಷಧ ಸಿಂಪಡಣೆಯ ಖರ್ಚಿಲ್ಲದೆ ಸೋಯಾ ಬೆಳೆಯುವಂತೆ ಮಾಡಿದ ಈ ತಳಿ, ನನ್ನ ಮಟ್ಟಿಗೆ, ಕರ್ನಾಟಕದ ಕೃಷಿ ವಿಜ್ಞಾನದ ದೊಡ್ಡ ಸಾಧನೆಗಳಲ್ಲಿ ಒಂದು.

ಈಗ ಎಲೆಯ ಚೂರಿನಿಂದ ಸಾವಿರಾರು ಜೀನು ಗುರುತುಗಳನ್ನು ಓದಿ, ಹೊಲಕ್ಕೆ ಹೋಗುವ ಮೊದಲೇ ಯಾವ ಸಾಲು ಗೆಲ್ಲಬಹುದೆಂದು ಅಂದಾಜಿಸುವ ಕಾಲ. ಬೆಳಕು ನಿಯಂತ್ರಿಸಿದ ಕೋಣೆಗಳಲ್ಲಿ ವರ್ಷಕ್ಕೆ ನಾಲ್ಕೈದು ಪೀಳಿಗೆ ತೆಗೆಯುತ್ತಾರೆ. ಇವೆಲ್ಲ ಬಂದರೂ ಭಾರತದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು ಒಂದು ಟನ್ನಿನ ಆಸುಪಾಸಿನಲ್ಲೇ ಇದೆ. ಅಮೆರಿಕ, ಬ್ರೆಜಿಲ್‌ಗಳಲ್ಲಿ ಮೂರಕ್ಕೂ ಹೆಚ್ಚು. ಅವರದು ಹೆಚ್ಚು ದಿನದ ಬೆಳೆ, ನಮ್ಮದು ಮುಂಗಾರಿನ ಮಳೆ ನಂಬಿದ ಗಿಡ್ಡ ಅವಧಿಯ ಬೆಳೆ. ವ್ಯತ್ಯಾಸದ ಒಂದು ಪಾಲು ಅಲ್ಲಿದೆ. ಇನ್ನೊಂದು ಪಾಲು ಬೀಜದ್ದು.

ಸೋಯಾ ಬೀಜದ ಸಿಪ್ಪೆ ತೀರ ತೆಳು, ಮೊಳಕೆಯ ಕುಡಿ ಅದರ ಅಡಿಯಲ್ಲೇ ಇರುತ್ತದೆ. ಒಕ್ಕಣೆ ಯಂತ್ರ ಜೋರಾಗಿ ತಿರುಗಿದರೆ, ಚೀಲವನ್ನು ಲಾರಿಯಿಂದ ಎತ್ತಿ ಎಸೆದರೆ, ಹೊರಗೆ ಕಾಣದ ಪೆಟ್ಟು ಒಳಗೆ ಆಗಿರುತ್ತದೆ. ಆದ್ದರಿಂದ ಸೋಯಾ ಬೆಳೆಯುವವರಲ್ಲಿ ಒಂದು ಮಾತು. ಇದು ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ; ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕೆಂದಿಲ್ಲ. ಒಳ್ಳೆಯ ತಳಿಯ ಬೀಜವನ್ನು ಒಮ್ಮೆ ತಂದರೆ ಎರಡು ಮೂರು ವರ್ಷ ನಿಮ್ಮ ಹೊಲದ್ದನ್ನೇ ಬಳಸಬಹುದು, ಸಸ್ಯ ತಳಿ ಮತ್ತು ರೈತರ ಹಕ್ಕುಗಳ 2001ರ ಕಾನೂನು ಆ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬೀಜಕ್ಕೆ ಇಟ್ಟ ಕಾಳನ್ನು ಬೇರೆಯಾಗಿ, ಮೆಲ್ಲಗೆ ಒಕ್ಕಿ, ಚೀಲಗಳನ್ನು ಎತ್ತರಕ್ಕೆ ಒಟ್ಟದೆ, ನೆಲದ ತೇವ ತಗುಲದಂತೆ ಇಡಿ. ಬಿತ್ತನೆಗೆ ಒಂದು ವಾರ ಮೊದಲು 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಿ. 70ಕ್ಕಿಂತ ಹೆಚ್ಚು ಮೊಳೆತರೆ ಧೈರ್ಯವಾಗಿ ಬಿತ್ತಿ; ಕಡಿಮೆಯಾದರೆ ಬೀಜದ ಪ್ರಮಾಣ ಹೆಚ್ಚಿಸಿ, ತೀರ ಕಡಿಮೆಯಾದರೆ ಆ ಬೀಜವನ್ನು ಬಿಟ್ಟುಬಿಡಿ.